ಧ್ರುವ ದಾಟಿದ ಏಕಾದಶಿ

ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಸಂಜೆ ಸೇರುವ ಹಿರಿಯರ ಅಂತಸ್ತು ನಿರ್ಧಾರವಾಗುವುದು ಪಿಂಚಣಿಯಿಂದಲ್ಲ, ಮಕ್ಕಳಿರುವ ಊರಿಗೆ ಹಿಡಿಯುವ ಗಂಟೆಗಳಿಂದ. ದುಬೈಗೆ ನಾಲ್ಕೇ ಗಂಟೆ. ಅಂಥವರಿಗೆ ಬೆಂಚಿನ ತುದಿ. ಲಂಡನ್ನಿಗೆ ಹತ್ತು ಚಿಲ್ಲರೆ, ಪರವಾಗಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಇಳಿದು, ತೂಕಡಿಸಿ, ಮತ್ತೆ ಹತ್ತಿ, ದಿನವಿಡೀ ಕಳೆದು ಕ್ಯಾಲಿಫೋರ್ನಿಯಾ ಮುಟ್ಟುವವರದು ಅಗ್ರಪೀಠ. ನನ್ನ ತಮ್ಮ ಇರುವುದು ಹುಬ್ಬಳ್ಳಿಯಲ್ಲಿ. ನಾನು ನಿಂತುಕೊಂಡೇ ಕೇಳುತ್ತೇನೆ.

ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ ದೇವನಹಳ್ಳಿ ಸೇರುವ ದಾರಿಯ ಬಗ್ಗೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಎಲ್ಲರಿಗೂ ಇರುವ ಕಷ್ಟದಿಂದ ಯಾರ ಅಂತಸ್ತೂ ಏರುವುದಿಲ್ಲವಲ್ಲ.

ಈ ಪಂಕ್ತಿ ಕೆಟ್ಟಿದ್ದು 2021ರ ಜನವರಿಯಲ್ಲಿ. 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಎಲ್ಲೂ ಇಳಿಯದೆ 11ರ ನಸುಕಿಗೆ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್; ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಹೆಂಗಸರೇ. ಸುಮಾರು 14,000 ಕಿಲೋಮೀಟರು, ಹದಿನೇಳು ಗಂಟೆ. ಸ್ಯಾನ್ ಹೊಸೆಯಲ್ಲಿ ಮಗಳಿರುವ ನಮ್ಮ ಬೀದಿಯ ರಾಯರಿಗೆ ಒಂದೇ ಏಟಿಗೆ ಆರೇಳು ಗಂಟೆ ನಷ್ಟ. ಕೆಲವು ದಿನ ಪಾರ್ಕಿನ ಕಡೆ ತಲೆಹಾಕಲಿಲ್ಲ. ಆಮೇಲೆ ಬಂದರು, ಕೈಯಲ್ಲಿ ಮೊಮ್ಮಗನ ಗ್ಲೋಬು, ಹೂ ಕಟ್ಟುವ ದಾರ.

"ನಮ್ಮದು ಉತ್ತರ ಧ್ರುವದ ಮೇಲೆ ಹಾರುತ್ತೆ!"

ದಾರ ಎಳೆದು ಬಿಗಿಹಿಡಿದರು. ಅದು ಸೈಬೀರಿಯಾ, ಅಲಾಸ್ಕಾದ ಕಡೆಯಿಂದ ಹೋಯಿತೇ ಹೊರತು ಧ್ರುವದ ಹತ್ತಿರವೂ ಸುಳಿಯಲಿಲ್ಲ. ಎರಡು ಸಾವಿರ ಕಿಲೋಮೀಟರು ದೂರದಲ್ಲೇ ನಿಂತಿತು. ಬೆಂಚಿನ ತುದಿಯ ದುಬೈಯವರ ಮುಖ ಅರಳಿತು. ರಾಯರು ಜಗ್ಗಲಿಲ್ಲ. "ಹತ್ತಿರದ ದಾರಿಯಲ್ಲೇ ಹೋಗಬೇಕು ಅಂತೇನಿಲ್ಲ ಕಣ್ರೀ, ಗಾಳಿ ನೋಡ್ಕೊಂಡು ಹೋಗ್ತಾರೆ." ಮಾತು ಸರಿಯೇ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಎದುರಾದರೆ ಗಂಟೆಯೂ ಇಂಧನವೂ ಹಾಳು. ಧ್ರುವದ ನೆತ್ತಿ ಹಾದರೂ ಸುತ್ತು ಬೀಳುವುದು ನಾನೂರು ಕಿಲೋಮೀಟರಿನಷ್ಟೇ. ಆ ಮೊದಲ ವಿಮಾನ ಧ್ರುವದ ಮೇಲೇ ಹಾರಿ ಬಂದಿತ್ತು. ರಾಯರಿಗೆ ಬೆಂಚಿನ ನಡುಭಾಗ ಮರಳಿ ಸಿಕ್ಕಿತು.

ಮಗಳ ಮನೆಗೆ ಹೊರಟ ರಾಯರ ಹೆಂಡತಿಗೆ ದೂರದ ಚಿಂತೆಯಿಲ್ಲ. ಅವರದು ಏಕಾದಶಿಯ ಚಿಂತೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ ಹೊರಟರೆ, ಹದಿನಾರು ಗಂಟೆ ಹಾರಿದ ಮೇಲೂ, ಅಲ್ಲಿ ಅದೇ ದಿನದ ಸಂಜೆ. ಉಪವಾಸ ಮುಗಿಯುವುದೇ ಇಲ್ಲ! ಬರುವಾಗ ಇನ್ನೂ ಪೇಚು: ಶನಿವಾರ ರಾತ್ರಿ ಹತ್ತಿದರೆ ಇಳಿಯುವುದು ಸೋಮವಾರ. ಭಾನುವಾರದ ದ್ವಾದಶಿ ಎಲ್ಲಿ ಹೋಯಿತು?

"ತಿಥಿ ಅನ್ನೋದು ಸೂರ್ಯ ಚಂದ್ರರ ಅಂತರದ ಲೆಕ್ಕ ಕಣೆ, ಭೂಮಿಗೆಲ್ಲ ಒಂದೇ ಹೊತ್ತಿಗೆ ಬದಲಾಗುತ್ತೆ" ಎಂದರು ರಾಯರು.

"ಪಾರಣೆ ಮಾಡೋದು ಸೂರ್ಯ ಹುಟ್ಟಿದ ಮೇಲೆ. ನಿಮ್ಮ ಧ್ರುವದಲ್ಲಿ ಜನವರಿ ಪೂರ್ತಿ ಸೂರ್ಯನೇ ಹುಟ್ಟಲ್ಲವಂತೆ?"

ಖಗೋಳಶಾಸ್ತ್ರ ಅಲ್ಲಿಗೆ ತೆಪ್ಪಗಾಯಿತು. ಮಠದ ಆಚಾರ್ಯರನ್ನು ಕೇಳಿದರೆ, ತ್ರಯೋದಶಿಗೆ ಹೊರಡಿ ಎಂದರಂತೆ. ನೋಡಿದರೆ ತ್ರಯೋದಶಿಯ ಟಿಕೆಟ್ಟು ಏಕಾದಶಿಯದಕ್ಕಿಂತ ಎಷ್ಟೋ ಸಾವಿರ ಜಾಸ್ತಿ. ಅಜ್ಜಿ ಕ್ಷಣ ಯೋಚಿಸಿದರು.

"ಏಕಾದಶಿಗೇ ಮಾಡಿಸಿ. ಉಪವಾಸದವರಿಗೆ ಊಟದ ದುಡ್ಡು ಕಳೀತಾರೇನೋ, ಅದನ್ನೂ ಒಂದು ಮಾತು ಕೇಳಿಬಿಡಿ."