ಆಳು ಮಾತಾಡಿಟ್ಟಿದ್ದೀರಾ, ಭಾವ?

ಸಸಿ ಮಡಿಗೆ ನೀರು ಹಾಕೋದು ಆಯ್ತಾ ಭಾವ? ಹಾಗಾದರೆ ಒಂದು ಗಳಿಗೆ ಬೇಲಿ ಹತ್ತಿರ ಬನ್ನಿ, ಕೇಳಬೇಕಿತ್ತು. ಈ ಸಲ ಹೊಗೆಸೊಪ್ಪು ಮುರಿಯೋಕೆ, ಕಟ್ಟೋಕೆ ಆಳು ಮಾತಾಡಿಟ್ಟಿದ್ದೀರಾ?

ಇಲ್ಲ ಅಂತೀರಿ. ರೇಟು ಏನಾಗುತ್ತೋ, ತಂಬಾಕು ಬೋರ್ಡಿನೋರು ಎಷ್ಟು ಬೆಳೆಯೋಕೆ ಬಿಡ್ತಾರೋ, ಮಳೆ ಹೆಂಗೋ, ಎಲ್ಲ ಒಂದು ಹದಕ್ಕೆ ಬರಲಿ, ಆಮೇಲೆ ಆಳಿನ ಮಾತು ಅಂತೀರಿ. ನಿಮ್ಮ ಹೆದರಿಕೆ ಸುಳ್ಳಲ್ಲ ಭಾವ. 2015ರಲ್ಲಿ ರೇಟು ಬಿದ್ದಾಗ ನಮ್ಮ ಸೀಮೆಯಲ್ಲಿ ಸೊಪ್ಪು ಬೆಳೆದ ರೈತರು ಜೀವ ಕಳಕೊಂಡಿದ್ದನ್ನ ಯಾರು ಮರೀತಾರೆ? ಆದರೂ ಹೇಳ್ತೀನಿ, ರೇಟು ನೋಡ್ಕೊಂಡು ಆಳು ಕರೆಯೋಣ ಅನ್ನೋ ಲೆಕ್ಕ ಈ ಬೆಳೆಗೆ ಹೊಂದಲ್ಲ.

ತಿಂಗಳು ಎಣಿಸಿ ನೋಡಿ. ಮೇ ಮಳೆಗೆ ನಾಟಿ ಹಾಕ್ತೀವಿ. ಜುಲೈಗೆ ಕೆಳಗಿನ ಎಲೆ ಹಣ್ಣಾಗುತ್ತೆ. ಹರಾಜು ಶುರುವಾಗೋದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ, ದಸರಾ ಆಸುಪಾಸಿಗೆ. ಕಟ್ಟೆಮಳಲವಾಡಿಯಲ್ಲಿ, ಚಿಲ್ಕುಂದದಲ್ಲಿ ಸೊಪ್ಪಿನ ಮೊದಲ ಬೇಲ್‌ಗೆ ಕೂಗು ಬೀಳೋ ಹೊತ್ತಿಗೆ ನಮ್ಮ ಸೊಪ್ಪಿನ ಬಹುಪಾಲು ಬೆಂದು ಮನೆ ಸೇರಿರುತ್ತೆ. ತಂಬಾಕು ಮಂಡಳಿ ಶುರುವಾಗಿದ್ದು 1976ರಲ್ಲಿ, ನಮ್ಮ ರಾಜ್ಯಕ್ಕೆ ಹರಾಜು ಬಂದಿದ್ದು 1984ರಲ್ಲಿ. ಅವತ್ತಿಂದ ಇವತ್ತಿನವರೆಗೂ ಸಸಿ ಮಡಿ ಕಾಲಕ್ಕೆ ಅಕ್ಟೋಬರಿನ ರೇಟು ಹೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಗೊತ್ತಾಗಲಿ ಅಂತ ಕೂತರೆ ಗೊತ್ತಾದಾಗ ಆಳಿನ ಕೆಲಸವೇ ಮುಗಿದಿರುತ್ತೆ.

ಜೋಳವಾದರೆ ಎಂಟು ದಿನ ಹೊಲದಲ್ಲೇ ನಿಂತಿರುತ್ತೆ, ಆಳು ಸಿಕ್ಕಾಗ ಮುರೀಬಹುದು. ಸೊಪ್ಪು ನಿಲ್ಲುತ್ತಾ? ಗಿಡದಲ್ಲಿ ಎಲ್ಲ ಎಲೆ ಒಟ್ಟಿಗೆ ಹಣ್ಣಾಗಲ್ಲ. ಕೆಳಗಿಂದ ಎರಡು ಮೂರು ಎಲೆಯಂಗೆ, ವಾರ ವಾರ ಮುರೀತಾ ಹೋಗಬೇಕು. ಎಲೆ ಬೇಯಿಸೋ ಒಂದು ಬ್ಯಾರನ್ನಿಗೆ ಆಗೋ ಸೊಪ್ಪನ್ನ ಬೆಳಗ್ಗೆ ಮುರಿದು, ಹೊತ್ತು ತಂದು, ಕಡ್ಡಿಗೆ ಕಟ್ಟಿ, ಅವತ್ತೇ ಮೇಲಕ್ಕೆ ಏರಿಸಿ ಬೆಂಕಿ ಹಾಕಬೇಕು. ಕಟ್ಟೋ ಹೆಂಗಸರು ನಾಲ್ಕು ಜನ ಕಮ್ಮಿ ಬಂದರೆ ಸೊಪ್ಪು ರಾಶಿಯಲ್ಲೇ ಬಿಸಿಯಾಗಿ ಕೆಡುತ್ತೆ.

ಬೆಂಕಿ ನೋಡೋನ ವಿಚಾರ ಬೇರೆಯೇ. ಮೊದಲು ಸಣ್ಣ ಕಾವಲ್ಲಿ ಎಲೆ ಹಳದಿ ತಿರುಗಬೇಕು, ಆಮೇಲೆ ಬಣ್ಣ ಕೂರಬೇಕು, ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗೋಕೆ 70 ಡಿಗ್ರಿ ಹತ್ತಿರದ ಕಾವು ಬೇಕು. ಅವಸರಕ್ಕೆ ಕಾವು ಏರಿಸಿದರೆ ಹಸಿರು ಹಾಗೇ ಉಳಿಯುತ್ತೆ, ತಡ ಮಾಡಿದರೆ ಕಪ್ಪಾಗುತ್ತೆ. ಐದಾರು ದಿನ ರಾತ್ರಿ ನಿದ್ದೆಗೆಟ್ಟು ಇದನ್ನೆಲ್ಲ ನೋಡೋಕೆ ಗೊತ್ತಿರೋರು ಊರಿಗೆ ಎಷ್ಟು ಜನ? ಅವರನ್ನ ಜುಲೈಯಲ್ಲಿ ಹುಡುಕಿದರೆ ಅಷ್ಟೊತ್ತಿಗೆ ಬೇರೆಯವರ ಬ್ಯಾರನ್ ಮುಂದೆ ಕೂತಿರ್ತಾರೆ. ಆಳಿನ ಪೈಕಿ ಮೊದಲು ಮಾತಾಡಬೇಕಾದ್ದು ಅವರ ಹತ್ತಿರ.

ಜನ ಈಗ ಕೆಲಸಕ್ಕೆ ಬರಲ್ಲ ಅನ್ನೋ ದೂರು ನನಗೆ ಒಪ್ಪಿಗೆ ಇಲ್ಲ. ಕೊಡಗಿನ ಕಾಫಿ ತೋಟದ ಜೀಪು ಆದಿವಾಸಿಗಳ ಹಾಡಿ ಬಾಗಿಲಿಗೇ ಬರುತ್ತೆ. ಕೇರಳದೋರು ಗುತ್ತಿಗೆ ಹಿಡಿದ ಶುಂಠಿ ಹೊಲ ಎಚ್.ಡಿ. ಕೋಟೆ ಕಡೆಯೂ ಇದೆ, ನಮ್ಮ ಕಡೆಯೂ ಇದೆ. 2023ರ ಜೂನಿಂದ ಹೆಂಗಸರಿಗೆ ಬಸ್ಸು ಉಚಿತ, ಬೆಳಗ್ಗೆ ಮೈಸೂರಿಗೆ ಹೋಗಿ ಸಂಜೆ ಬರಬಹುದು. ಅವರಿಗೆ ದಾರಿ ತೆರೆದಿದೆ, ಆ ತಾಯಂದಿರಿಗೆ ಒಳ್ಳೇದೇ ಆಯ್ತು. ನಮ್ಮ ಹೊಲಕ್ಕೆ ಬರೋಕೆ ಅವರಿಗೆ ಒಂದು ಕಾರಣ ಬೇಕು, ಅದನ್ನ ನಾವೇ ಕೊಡಬೇಕು.

ಮುಂಗಡ ಕೊಟ್ಟು ಹಿಡಿದಿಡೋಣ ಅಂತೀರಾ? ಅಲ್ಲಿ ಜೋಪಾನ ಭಾವ. ನಾಟಿಗೆ ಮುಂಚೆ ಕೈ ಖಾಲಿ ಇರೋರಿಗೆ ಒಂದಿಷ್ಟು ದುಡ್ಡು ಕೊಟ್ಟರೆ ಉಪಕಾರ, ಸರಿ. ಆದರೆ ಆ ದುಡ್ಡು ತೀರೋವರೆಗೂ ಬೇರೆ ಕಡೆ ಹೋಗಬೇಡ ಅಂದರೆ ಅದು ಜೀತ. ಜೀತ ರದ್ದು ಕಾಯಿದೆ ಬಂದಿದ್ದೂ 1976ರಲ್ಲೇ. ಆವಾಗ ಮುಖ್ಯಮಂತ್ರಿ ಆಗಿದ್ದೋರು ನಮ್ಮ ಕಲ್ಲಹಳ್ಳಿಯ ದೇವರಾಜ ಅರಸರು. ಅವರ ತಾಲ್ಲೂಕಲ್ಲಿ ನಿಂತು ಆಳನ್ನ ಸಾಲದಲ್ಲಿ ಕಟ್ಟಿಹಾಕೋ ಯೋಚನೆ ನಾವು ಮಾಡಬಾರದು. ಕೊಟ್ಟಷ್ಟು ಬರೆದಿಡಿ, ವಾರ ವಾರ ಸ್ವಲ್ಪ ಮುರಕೊಳ್ಳಿ, ಬಿಟ್ಟು ಹೋಗ್ತೀನಿ ಅಂದರೆ ಲೆಕ್ಕ ಮುಗಿಸಿ ಕಳಿಸಿ.

ಮುಂಗಡಕ್ಕಿಂತ ಗಟ್ಟಿಯಾದ್ದು ಬಾಯಿ ಮಾತು. ಈಗಲೇ ಹೋಗಿ ನಿಜ ಹೇಳಿಬಿಡಿ. ‘ರೇಟು ನಮಗೂ ಗೊತ್ತಿಲ್ಲ. ಕಮ್ಮಿ ಬೆಳೆದರೆ ಇಷ್ಟು ದಿನ ಕೆಲಸ, ಪೂರ್ತಿ ಬೆಳೆದರೆ ಇಷ್ಟು ದಿನ. ಹರಾಜಲ್ಲಿ ಏನೇ ಆಗಲಿ, ಕೂಲಿ ಮಾತ್ರ ಇಷ್ಟು, ಶನಿವಾರ ಕೈಗೆ.’ ರೇಟು ಬಿದ್ದಾಗ ಕೂಲಿ ಮುರಿಯೋ ಮನೆಗೆ ಮರುವರ್ಷ ಯಾರು ಬರ್ತಾರೆ? ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಮ್ಮಿ ಅನ್ನೋದನ್ನೂ ಬಿಡಿ. ಕಟ್ಟೋ ಕೈಯ ಚುರುಕು ನಿಮಗೂ ಇಲ್ಲ, ನನಗೂ ಇಲ್ಲ. ಇನ್ನೊಂದು, ಇಬ್ಬನಿ ಇರೋ ಸೊಪ್ಪನ್ನ ಬರಿಗೈಯಲ್ಲಿ ಮುರಿದರೆ ನಿಕೋಟಿನ್ ಚರ್ಮದಿಂದ ಒಳಗೆ ಇಳಿದು ತಲೆ ಸುತ್ತುತ್ತೆ, ವಾಂತಿಯಾಗುತ್ತೆ. ಕೈಗವಸು, ತುಂಬುತೋಳಿನ ಅಂಗಿ ನಾವೇ ತಂದಿಡೋಣ. ಈ ಮನೆಯಲ್ಲಿ ನಮ್ಮನ್ನ ಮನುಷ್ಯರಂಗೆ ನೋಡ್ತಾರೆ ಅನ್ನೋ ಮಾತು ಒಂದು ಹಾಡಿಯಿಂದ ಇನ್ನೊಂದು ಹಾಡಿಗೆ ತಾನೇ ಹೋಗುತ್ತೆ.

ಮುಯ್ಯಾಳು ಮರೆತೇಬಿಟ್ಟಿದ್ದೀವಿ ನೋಡಿ. ನಿಮ್ಮ ಬ್ಯಾರನ್ ತುಂಬೋ ದಿನ ನಮ್ಮ ಮನೆಯೋರೆಲ್ಲ ಬರ್ತೀವಿ, ನಮ್ಮದು ತುಂಬೋ ದಿನ ನೀವು ಬನ್ನಿ. ಇಬ್ಬರ ಬೆಂಕಿ ದಿನವೂ ಒಂದೇ ಆಗದಂಗೆ ನಾಟಿಯನ್ನೇ ನಾಲ್ಕು ದಿನ ಹಿಂದೆ ಮುಂದೆ ಹಾಕೋಣ. ದುಡ್ಡು ಬಿಗಿ ಇರೋ ವರ್ಷಕ್ಕೆ ಕೈಯಿಂದ ಕಾಸು ಬಿಚ್ಚದೆ ಸಿಗೋ ಆಳು ಇದೊಂದೇ. ಆಗ ಹೊರಗಿನ ಆಳು ಕಮ್ಮಿ ಸಾಕು, ಆ ಕಮ್ಮಿ ಜನಕ್ಕೆ ಒಳ್ಳೆ ಕೂಲಿ ಕೊಡೋಕೂ ಆಗುತ್ತೆ.

ಈ ಸೊಪ್ಪು ನಮ್ಮ ಮಕ್ಕಳ ಕಾಲಕ್ಕೆ ಇರುತ್ತೋ ಇಲ್ಲವೋ. ತಂಬಾಕು ಕಮ್ಮಿ ಮಾಡೋ ಜಾಗತಿಕ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಜನದ ಆರೋಗ್ಯಕ್ಕೆ ಅದೇ ಸರಿ. ಆದರೆ ಸೊಪ್ಪು ಬಿಟ್ಟು ಶುಂಠಿಗೆ ಹೋದರೂ, ರಾಗಿಗೆ ಮರಳಿದರೂ ಕಳೆ ತೆಗೆಯೋಕೆ, ಕುಯ್ಲಿಗೆ ಇದೇ ಜನ ಬೇಕಲ್ಲ? ಅದಕ್ಕೇ ಹೇಳೋದು, ಸೊಪ್ಪಿನ ಮೂರು ತಿಂಗಳಿಗೆ ಮಾತ್ರ ನೆಂಟಸ್ತಿಕೆ ಇಟ್ಕೋಬಾರದು. ಕೆಲಸ ಇಲ್ಲದ ಬೇಸಗೆಯಲ್ಲೂ ಬದು ಕಟ್ಟೋದು, ಗೊಬ್ಬರ ಹೊರೋದು ಅಂತ ಎರಡು ದಿನದ ಕೆಲಸ ಇದ್ದರೂ ಅವರನ್ನೇ ಕರೀರಿ.

ಅಕ್ಕನ್ನ ಕೇಳಿ. ಯಾರು ಚೆನ್ನಾಗಿ ಕಟ್ಟುತ್ತಾರೆ, ಯಾರ ಮನೆಯಲ್ಲಿ ಬಾಣಂತನ ಇದೆ, ಯಾರು ಬರ್ತಾರೆ, ಯಾರಿಗೆ ಆಗಲ್ಲ, ಎಲ್ಲ ಅವರಿಗೇ ಗೊತ್ತಿರೋದು. ಕೂಲಿ ಎಷ್ಟು ಅಂತ ನಾವಿಬ್ಬರೂ ಇವತ್ತೇ ತೀರ್ಮಾನ ಮಾಡೋಣ. ಎರಡು ಮನೆಯದೂ ಒಂದೇ ಕೂಲಿ ಆಗಲಿ, ಒಬ್ಬರ ಆಳನ್ನ ಒಬ್ಬರು ಎಳೆಯೋದು ಬೇಡ. ಅಕ್ಕ ನಾಳೆ ಹೆಂಗಸರ ಹತ್ತಿರ ಮಾತಾಡಲಿ, ಬೆಂಕಿ ನೋಡೋನ ಮನೆಗೆ ನಾನು ಹೋಗ್ತೀನಿ.