ಅಂಗ, ಅಂಗಿ ಮತ್ತು ವಿಮಾನ ನಿಲ್ದಾಣ

ಚಿಕ್ಕ ಮಕ್ಕಳನ್ನು ಕರೆದುಕೊಂಡು ವಿಮಾನ ನಿಲ್ದಾಣವನ್ನು ಸುಗಮವಾಗಿ ದಾಟುವುದು ಹೇಗೆ ಎಂಬ ಪ್ರಶ್ನೆಗೆ ಇದುವರೆಗೆ ಸರಿಯಾದ ಉತ್ತರ ಸಿಗದಿರುವುದಕ್ಕೆ ಆ ಪ್ರಶ್ನೆಯ ವ್ಯಾಕರಣವೇ ಕಾರಣ. ‘ಮಕ್ಕಳನ್ನು ಕರೆದುಕೊಂಡು’ ಎಂದ ಕೂಡಲೇ ಹೆತ್ತವರು ಕರ್ತೃಪದವಾಗಿ ಕೂತುಬಿಡುತ್ತಾರೆ, ಮಗು ದ್ವಿತೀಯಾ ವಿಭಕ್ತಿಗೆ ಇಳಿಯುತ್ತದೆ. ಆಧಾರಗಳನ್ನು ಕೂಲಂಕಷವಾಗಿ ನೋಡಿದರೆ ವಾಕ್ಯವನ್ನೇ ತಿರುವಿ ಹಾಕಬೇಕಾಗುತ್ತದೆ. ಯಜ್ಞದಲ್ಲಿ ಯಾವುದು ಪ್ರಧಾನ, ಯಾವುದು ಅದರ ಪರಿಕರ ಎಂದು ಬಗೆಹರಿಸಲು ನಮ್ಮ ಮೀಮಾಂಸಕರು ಅಂಗಿ, ಅಂಗ ಎಂಬ ಎರಡು ಮಾತುಗಳನ್ನು ಬಳಸಿದರು. ಅಂಗಿ ಎಂದರೆ ಪ್ರಧಾನ. ಅಂಗ ಎಂದರೆ ಆ ಪ್ರಧಾನಕ್ಕಾಗಿಯೇ ಇರುವಂಥದ್ದು, ತನಗೆಂದು ಬೇರೆ ಫಲವಿಲ್ಲದ್ದು. (ತೊಡುವ ಅಂಗಿಗೂ ಇದಕ್ಕೂ ಸಂಬಂಧವಿಲ್ಲ, ಇದೆ ಎನ್ನುವವರ ಪಕ್ಷವನ್ನು ಮುಂದೆ ವಿಚಾರಿಸೋಣ.) ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ವಿಮಾನ ನಿಲ್ದಾಣದಲ್ಲಿ ಮಗುವೇ ಅಂಗಿ, ಅರ್ಥಾತ್ ಪ್ರಯಾಣಿಕ, ಅಪ್ಪ ಅಮ್ಮ ಅಂಗ, ಅರ್ಥಾತ್ ಲಗೇಜು. ಇದನ್ನು ಒಪ್ಪಿಕೊಂಡ ಸಂಸಾರ ಸುಗಮವಾಗಿ ದಾಟುತ್ತದೆ. ಒಪ್ಪದ ಸಂಸಾರವೂ ದಾಟುತ್ತದೆ, ಕಿರುಚಾಡಿಕೊಂಡು.

ಅಂಗತ್ವವನ್ನು ನಿರ್ಣಯಿಸಲು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳಿವೆ. ಗ್ರಂಥ ಬೆಳೆಯುವ ಭಯದಿಂದ, ಮತ್ತು ಅಷ್ಟರಲ್ಲಿ ಯಾರಿಗಾದರೂ ಸೂಸು ಬರುವ ಭಯದಿಂದ, ಮೂರನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಮೊದಲು ಶ್ರುತಿ, ಅಂದರೆ ಕಾನೂನು. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾದ ಮೇಲೆ, ಅಂತರರಾಷ್ಟ್ರೀಯ ಪ್ರಯಾಣಿಕನ ಕೈಚೀಲದಲ್ಲಿ ಯಾವ ದ್ರವದ ಡಬ್ಬಿಯೂ 100 ಮಿಲಿಲೀಟರ್ ಮೀರಬಾರದೆಂಬ ಕಟ್ಟಳೆ ಲೋಕದಾದ್ಯಂತ ಬಂತು. ಎಂಥ ದೊಡ್ಡ ಮನುಷ್ಯನಾದರೂ ತನ್ನ ತಲೆಗೆಣ್ಣೆಯ ಬಾಟಲಿಯನ್ನು ಅಲ್ಲೇ ತೊಟ್ಟಿಗೆ ಹಾಕಿ ಮುಂದೆ ಹೋಗಬೇಕು. ಆದರೆ ಮಗುವಿನ ಹಾಲಿಗೂ ಆಹಾರಕ್ಕೂ ಪ್ರಯಾಣಕ್ಕೆ ಬೇಕಾಗುವಷ್ಟು ವಿನಾಯಿತಿಯುಂಟು. ವಿಧಿ ಯಾರ ಮುಂದೆ ಬಾಗುತ್ತದೋ ಅವನೇ ಪ್ರಧಾನ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2024ರ ಏಪ್ರಿಲಿನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ, 12 ವರ್ಷದವರೆಗಿನ ಮಕ್ಕಳಿಗೆ ಅದೇ ಟಿಕೆಟ್ಟಿನಲ್ಲಿ ಹೊರಟಿರುವ ಅಪ್ಪನ ಅಥವಾ ಅಮ್ಮನ ಪಕ್ಕದಲ್ಲೇ ಸೀಟು ಕೊಡಬೇಕೆಂದು ವಿಮಾನ ಕಂಪನಿಗಳಿಗೆ ಸೂಚಿಸಿತು. ಮೇಲ್ನೋಟಕ್ಕೆ ಇದು ಮಗುವನ್ನು ಹೆತ್ತವರ ಬಳಿ ಕೂರಿಸುವ ಆದೇಶ. ಸೂಕ್ಷ್ಮವಾಗಿ ನೋಡಿದರೆ ಪ್ರಯಾಣಿಕನ ಕೈಗೆಟಕುವಲ್ಲಿ ಅವನ ಸಾಮಾನನ್ನು ಇಡುವ ಆದೇಶ.

ಸ್ಥಾನಪ್ರಮಾಣವೂ ಇದನ್ನೇ ಹೇಳುತ್ತದೆ. ಎರಡು ವರ್ಷ ತುಂಬದ ಮಗುವಿಗೆ ಸೀಟು ಕೊಳ್ಳಲೇಬೇಕೆಂದಿಲ್ಲ, ಅಮ್ಮನ ತೊಡೆ ಸಾಕು. ಗಗನಸಖಿ ಒಂದು ಪುಟ್ಟ ಬೆಲ್ಟು ತಂದು ಕೊಡುತ್ತಾಳೆ. ಅದನ್ನು ಸಿಕ್ಕಿಸುವುದು ವಿಮಾನಕ್ಕಲ್ಲ, ಅಮ್ಮನ ಬೆಲ್ಟಿಗೆ. ಇಲ್ಲಿಗೆ ಅಮ್ಮ ಪ್ರಯಾಣಿಕಳ ಪದವಿಯಿಂದ ಇಳಿದು ಪೀಠೋಪಕರಣದ ಪದವಿಗೆ ಸೇರಿದಳೆಂದು ಸಿದ್ಧವಾಯಿತು. ಇನ್ನು ಸಮಾಖ್ಯೆ, ಎಂದರೆ ಹೆಸರಿನ ಪ್ರಮಾಣ. ಬೋರ್ಡಿಂಗ್ ಪಾಸಿನಲ್ಲಿ ಏನೇ ಅಚ್ಚಾಗಿರಲಿ, ಮಗು ಒಮ್ಮೆ ರಾಗ ಎಳೆದರೆ ಸುತ್ತಲಿನವರು ಕೇಳುವುದು ‘ಈ ಮಗುವಿನ ಕಡೆಯವರು ಯಾರು?’ ಎಂದು. ಬೆಲ್ಟಿನ ಮೇಲೆ ಅನಾಥವಾಗಿ ಸುತ್ತುವ ಸೂಟ್‌ಕೇಸನ್ನು ಕಂಡು ‘ಇದು ಯಾರದ್ದು?’ ಎಂದು ಕೇಳುತ್ತಾರಲ್ಲ, ಅದೇ ಷಷ್ಠೀ ವಿಭಕ್ತಿ ಇಲ್ಲಿ ಹೆತ್ತವರಿಗೆ ಬಂದು ಅಂಟಿಕೊಂಡಿದೆ.

ಸಿದ್ಧಾಂತದ ಫಲವೇನು? ಲಗೇಜಿಗೆ ಅವಸರವಿಲ್ಲ ಎಂಬುದೇ ಮೊದಲ ಫಲ. ಗೇಟನ್ನು ಸಾಮಾನ್ಯವಾಗಿ ವಿಮಾನ ಹೊರಡುವ 25 ನಿಮಿಷ ಮೊದಲೇ ಮುಚ್ಚುತ್ತಾರೆಂದು ಹಿರಿಯರು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಎಸ್ಕಲೇಟರನ್ನು ಹತ್ತುವುದಕ್ಕೆ ಮಾತ್ರ ಸಮಯವಿರುತ್ತದೆ, ಅದನ್ನು ನೋಡುವುದಕ್ಕೆ ಇರುವುದಿಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲನ್ನೇ ತೆಗೆದುಕೊಳ್ಳಿ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಈ ಕಟ್ಟಡದ ಚಾವಣಿಗೆ ಬಿದಿರು, ಮೇಲಿನಿಂದ ತೂಗುವ ಗಿಡಗಳು, ಒಳಗೇ ಧುಮುಕುವ ನೀರು, ಹೊರಗೆ 108 ಅಡಿಯ ಕೆಂಪೇಗೌಡರು. ಇದನ್ನೆಲ್ಲ ದೊಡ್ಡವರಿಗಾಗಿ ಕಟ್ಟಿದ್ದೆಂದು ವಾದಿಸುವುದು ಕಷ್ಟ, ಏಕೆಂದರೆ ದೊಡ್ಡವರು ತಲೆ ಎತ್ತಿ ನೋಡುವುದು ವಿಮಾನಗಳ ವೇಳಾಪಟ್ಟಿ ತೋರಿಸುವ ಪರದೆಯನ್ನು ಮಾತ್ರ. ಮಗು ಪ್ರತಿ ಗಿಡದಡಿಯೂ ನಿಲ್ಲುತ್ತದೆ. ಧುಮುಕುವ ನೀರಿನೆದುರು ನಿಂತ ಮಗುವಿಗೆ ಮುಂದೆ ಏನು ನೆನಪಾಗುತ್ತದೆಂದು ತರ್ಕಶಾಸ್ತ್ರ ಓದದವರೂ ಊಹಿಸಬಲ್ಲರು. ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯೇ ಇಲ್ಲಿಯೂ. ಆದ್ದರಿಂದ ದೊಡ್ಡವರ ಲೆಕ್ಕಕ್ಕಿಂತ ಒಂದು ಗಂಟೆ ಮೊದಲು ಹೋಗಬೇಕು. ಇದು ಕಾಯುವುದಾಗುವುದಿಲ್ಲ, ಸವಾರಿ. ಅಲ್ಲದೆ ಈ ನಿಲ್ದಾಣವಿರುವ ದೇವನಹಳ್ಳಿ ಸೀಮೆಗೆ ಈ ನಿಧಾನ ಹೊಸದೇನಲ್ಲ: 1749ರಲ್ಲಿ ಮೈಸೂರಿನ ಸೈನ್ಯ ಅಲ್ಲಿನ ಕೋಟೆಯೆದುರು ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು. ಆ ಮುತ್ತಿಗೆಯಲ್ಲೇ ಹೈದರಾಲಿ ಮೊದಲಿಗೆ ದೊಡ್ಡವರ ಕಣ್ಣಿಗೆ ಬಿದ್ದದ್ದು. ಸೆಕ್ಯುರಿಟಿ ಸಾಲಿನಲ್ಲಿ ನಿಂತ ಅಪ್ಪಂದಿರಿಗೂ ಅಂಥ ಅವಕಾಶ ಇಲ್ಲದೆ ಇಲ್ಲ.

ಇನ್ನು ಪೂರ್ವಪಕ್ಷಗಳು. ನಿದ್ರಾವಾದಿಗಳು ಹೇಳುತ್ತಾರೆ: ಮಗು ಮಲಗುವ ಹೊತ್ತಿನ ವಿಮಾನ ಹಿಡಿದರೆ ಈ ಮೀಮಾಂಸೆಯೆಲ್ಲ ಯಾಕೆ? ಕೇಳಲು ಚೆಂದ. ಆದರೆ ಸ್ಟ್ರೋಲರನ್ನು ಮಡಚಿ ಎಕ್ಸ್‌ರೇ ಯಂತ್ರದೊಳಗೆ ಕಳಿಸಬೇಕು, ಅದರಲ್ಲಿ ಮಲಗಿದ ಮಗುವನ್ನು ಮಡಚಲಾಗುವುದಿಲ್ಲ. ಎಬ್ಬಿಸಿ ಎತ್ತಿಕೊಳ್ಳಲೇಬೇಕು. ಹೀಗೆ ಎದ್ದ ಮಗು ವಿಮಾನ ಹಾರಿ ಇಳಿಯುವವರೆಗೂ ಎಚ್ಚರವಾಗಿರುತ್ತದೆ. ನಿದ್ರೆ ವಿಫಲವಾಯಿತೆಂದಲ್ಲ, ಅಪ್ಪನಿಗೆ ವರ್ಗಾವಣೆಯಾಯಿತೆಂದಷ್ಟೇ. ಮೊಬೈಲ್‌ವಾದಿಗಳದ್ದು ಎರಡನೇ ಪಕ್ಷ: ಕೈಗೆ ಫೋನು ಕೊಡಿ, ಮಗು ಗೊಂಬೆಯಂತೆ ಇರುತ್ತದೆ. ಇರುತ್ತದೆ, ತಪಾಸಣೆಯ ಟ್ರೇ ಎದುರಾಗುವ ತನಕ. ಫೋನು ಟ್ರೇಯಲ್ಲಿ ಬೆಲ್ಟಿನ ಗುಹೆಯೊಳಗೆ ಹೋಗುವುದು ಸಾಲು ಅತ್ಯಂತ ಉದ್ದವಿರುವ ಜಾಗದಲ್ಲಿ, ಹಾಡು ಅರ್ಧಕ್ಕೆ ಬಂದಿರುವ ಗಳಿಗೆಯಲ್ಲಿ. ಕೊಟ್ಟು ಕಸಿದುಕೊಳ್ಳುವುದಕ್ಕಿಂತ ಕೊಡದಿರುವುದೇ ಲೇಸು ಎಂಬುದು ರಾಜನೀತಿಯಲ್ಲೂ ಪರಿಚಿತ ವಿಷಯ.

ಮೂರನೆಯದು ಅಜ್ಜಿಪಕ್ಷ, ಮತ್ತು ಇದನ್ನು ಹಗುರವಾಗಿ ಕಾಣುವಂತಿಲ್ಲ. ಅಜ್ಜಿಯನ್ನು ಜೊತೆಗೆ ಕರೆದುಕೊಂಡರೆ ಮಗುವನ್ನು ಹಿಡಿಯಲು ಇನ್ನೆರಡು ಕೈ ಸಿಗುತ್ತವೆ ಎನ್ನುತ್ತಾರೆ. ಕೈಗಳು ಸಿಗುವುದು ನಿಜವೇ, ಆದರೆ ಆ ಕೈಗಳಲ್ಲಿ ಒಂದು ಬಟ್ಟೆಚೀಲವಿರುತ್ತದೆ. ಅದರಲ್ಲಿ ಮೊಮ್ಮಗುವಿಗೆಂದು ಚಕ್ಕುಲಿ, ರಾಗಿ ಸರಿಯ ಹಿಟ್ಟು, ಎಲ್ಲಕ್ಕೂ ಅಡಿಯಲ್ಲಿ ತಿಪಟೂರಿನ ಒಂದೆರಡು ಕೊಬ್ಬರಿ ಗಿಟುಕು. ಒಣಕೊಬ್ಬರಿ, ಅದರ ಎಣ್ಣೆಯಂಶದ ದೆಸೆಯಿಂದ, ವಿಮಾನ ಸಾಗಣೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ವರ್ಗಕ್ಕೆ ಸೇರಿದೆ. ಯಂತ್ರ ಅದನ್ನು ಕಂಡುಹಿಡಿಯುತ್ತದೆ. ಆಮೇಲೆ ಅಜ್ಜಿಗೂ ಸಿಬ್ಬಂದಿಗೂ ನಡೆಯುವ ಚರ್ಚೆಯಲ್ಲಿ, ದಿನವೂ ಚಟ್ನಿಗೆ ಹಾಕುವ ವಸ್ತು ಸ್ಫೋಟಕದ ಸಾಲಿನಲ್ಲಿ ಕೂತದ್ದು ಹೇಗೆ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಯಾರ ಬಳಿಯೂ ಇಲ್ಲ. ಗಮನಿಸಬೇಕಾದ ಅಂಶವೊಂದಿದೆ: ತಾನಾಗಿ ಹೊತ್ತಿಕೊಳ್ಳುವ ಗುಣ ಕೊಬ್ಬರಿಗಿಂತ ಎರಡೂವರೆ ವರ್ಷದ ಮಗುವಿಗೆ ಹೆಚ್ಚು, ಆದರೂ ಆ ಪಟ್ಟಿಯಲ್ಲಿ ಮಗು ಇಲ್ಲ. ಪಟ್ಟಿಗಳನ್ನು ಮಾಡುವುದು ಸಾಮಾನಿಗಾಗಿ, ಪ್ರಯಾಣಿಕರಿಗಾಗಿ ಅಲ್ಲ. ಇದರಿಂದಲೂ ನಮ್ಮ ಪ್ರತಿಜ್ಞೆಯೇ ಗೆಲ್ಲುತ್ತದೆ.

ದುಡ್ಡು ಕೊಡುವವರು ಹೆತ್ತವರಾದ್ದರಿಂದ ಅವರೇ ಪ್ರಧಾನರು ಎನ್ನುವ ಅರ್ಥವಾದಿಗಳಿಗೆ ಒಂದೇ ಮಾತು: ಮದುವೆಯ ಖರ್ಚು ಹೆಣ್ಣಿನಪ್ಪನದು, ಹಸೆಮಣೆಯ ಮೇಲೆ ಅವನನ್ನು ಯಾರೂ ಕೂರಿಸುವುದಿಲ್ಲ.

ಉಳಿದದ್ದು ಅಂಗಿಯ ವಿಷಯ. ಕೆಲವು ವ್ಯಾಖ್ಯಾನಕಾರರು, ಬಹುತೇಕ ಅನುಭವಸ್ಥರು, ‘ಮಗುವೇ ಅಂಗಿ’ ಎಂಬಲ್ಲಿ ತೊಡುವ ಅಂಗಿಯನ್ನೇ ಗ್ರಹಿಸುತ್ತಾರೆ. ಮಗುವಿಗೆ ಮೂರು ಜೊತೆ ಬಟ್ಟೆ ಇಟ್ಟುಕೊಂಡ ಅಪ್ಪ ತನಗೊಂದು ಅಂಗಿಯನ್ನು ಕೈಚೀಲದಲ್ಲಿಡಲು ಮರೆಯುತ್ತಾನೆ, ಮಗು ಕಕ್ಕುವುದು ಮಾತ್ರ ತನ್ನ ಮೈಮೇಲಲ್ಲ ಎಂಬುದು ಅವರ ಆಧಾರ. ವಾದ ಅಶಾಸ್ತ್ರೀಯವಾದರೂ ಸಲಹೆ ಗ್ರಾಹ್ಯ. ಹಾಲನ್ನೂ ಗೇಟಿನಲ್ಲೇ ಕುಡಿಸಿ ಮುಗಿಸಬಾರದು. ವಿಮಾನ ಇಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ, ನುಂಗಿದಾಗ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆ ತೆರೆದು ನೋವು ತಗ್ಗುತ್ತದೆ. ಅರ್ಧ ಬಾಟಲಿ ಅಲ್ಲಿಗೆ ಮೀಸಲಿರಲಿ.

ಇಳಿದ ಮೇಲೆ ಸಾಮಾನಿನ ಬೆಲ್ಟಿನೆದುರು ನಿಂತಾಗ ಮಾತ್ರ ನಮ್ಮ ಸಿದ್ಧಾಂತಕ್ಕೆ ಒಂದು ತೊಡಕು ಎದುರಾಗುತ್ತದೆ. ಅಷ್ಟು ಹೊತ್ತು ಪ್ರಯಾಣಿಕನಾಗಿದ್ದ ಮಗು, ಸೂಟ್‌ಕೇಸುಗಳು ಮೆರವಣಿಗೆ ಹೋಗುವುದನ್ನು ಕಂಡು, ತಾನೂ ಲಗೇಜಾಗಿ ಅದರ ಮೇಲೆ ಕೂರಬೇಕೆಂದು ಹಟ ಹಿಡಿಯುತ್ತದೆ. ಅಂಗಿಯೇ ಅಂಗವಾಗಲು ಬಯಸಿದರೆ ಏನು ಮಾಡಬೇಕೆಂದು ಮೀಮಾಂಸಾಶಾಸ್ತ್ರ ಎಲ್ಲೂ ವಿಚಾರಿಸಿಲ್ಲ. ಅಂಥ ಸಂದರ್ಭದಲ್ಲಿ ಹಿಂದಿನಿಂದ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳತಕ್ಕದ್ದು. ಇಲ್ಲಿ ಅಂಗಿ ಎಂದರೆ ಅಂಗಿಯೇ.