11 ಮಿಲಿಮೀಟರ್ ರಾಯರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬೀದಿಗೊಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ಯಾವುದೋ ಕಾರ್ಖಾನೆಯಿಂದ ನಿವೃತ್ತರು, ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್, ಯಾರ ಮನೆಗೆ ಹೋದರೂ ಮನೆಯವರ ಮುಖಕ್ಕಿಂತ ಮೊದಲು ಸ್ವಿಚ್ ಬೋರ್ಡಿನ ಕಡೆ ನೋಟ. ಜಯನಗರದ ನಮ್ಮ ಬೀದಿಯಲ್ಲಿ ಆ ಹುದ್ದೆ ರಾಯರದು. ಬೀದಿಯ ಮಕ್ಕಳು ಅವರಿಗಿಟ್ಟ ಹೆಸರು ‘11 ಮಿಲಿಮೀಟರ್’. ರಾಯರಿಗೂ ಅದು ಗೊತ್ತು, ಕೋಪವಿಲ್ಲ. ಅಳತೆಯಾದರೂ ಸರಿ ಕಲಿತವಲ್ಲ ಎಂಬ ಸಮಾಧಾನ.

ಅವರ ಕೈಯಲ್ಲಿ ಸದಾ ಒಂದು ಸ್ಟೀಲಿನ ಒಗ್ಗರಣೆ ಡಬ್ಬಿ. ಸಾಸಿವೆಯ ಬಟ್ಟಲಲ್ಲಿ ಎರಡು ತಂತಿಯ ಲಿವರ್ ಕನೆಕ್ಟರು, ಜೀರಿಗೆಯದರಲ್ಲಿ ಮೂರರದು, ಮೆಂತ್ಯದ ಜಾಗದಲ್ಲಿ ಐದರದು. ಪಾರದರ್ಶಕ ಮೈ, ಕಿತ್ತಳೆ ಬಣ್ಣದ ಲಿವರು. ಜರ್ಮನಿಯ ಮಿಂಡೆನ್ ಊರಿನ ವ್ಯಾಗೊ ಕಂಪನಿಯ ಮಾಲು; ಅಲ್ಲೆಲ್ಲೋ ಇರುವ ಅಳಿಯ ಬಂದಾಗಲೆಲ್ಲ ಚಾಕೊಲೇಟಿನ ಬದಲು ಇದನ್ನೇ ಹೊತ್ತು ತರಬೇಕು. ಡಬ್ಬಿ ಕಳೆದುಕೊಂಡ ರಾಯರ ಹೆಂಡತಿ ಸಾಸಿವೆಯನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿಕೊಂಡು ಬದುಕಿದ್ದಾರೆ.

ರಾಯರ ಸಿದ್ಧಾಂತ ಸರಳ. ದಪ್ಪ ತಂತಿಗೂ ಸಪೂರ ತಂತಿಗೂ ತಿರುಚಿ ಗಂಟು ಹಾಕಬಾರದು. ಹಾಕಿದರೆ ದಪ್ಪದ್ದು ನೆಟ್ಟಗೆ ನಿಂತಿರುತ್ತದೆ, ಸಪೂರದ್ದು ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ, ಅಷ್ಟೇ. ಎಳೆದರೆ ಜಾರಿ ಬರುತ್ತದೆ. ಸ್ಕ್ರೂ ಕನೆಕ್ಟರಿಗೆ ಎರಡನ್ನೂ ಒಟ್ಟಿಗೆ ತುರುಕಿದರೆ ಸ್ಕ್ರೂ ದಪ್ಪದ್ದನ್ನು ಒತ್ತಿ ಹಿಡಿದು ಸಪೂರದ್ದನ್ನು ಮರೆಯುತ್ತದೆ. ಸಡಿಲವಾದ ಕಡೆ ಬಿಸಿ, ಬಿಸಿಯಾದ ಕಡೆ ಕರಕಲು. ಲಿವರ್ ಕನೆಕ್ಟರಿನಲ್ಲಿ ಪ್ರತಿ ತೂತಿಗೂ ಅದರದೇ ಸ್ಪ್ರಿಂಗ್. 4 ಸ್ಕ್ವೇರ್ ಎಂಎಂ ತಂತಿಯ ಪಕ್ಕದಲ್ಲೇ 1 ಸ್ಕ್ವೇರಿನದನ್ನು ಕೂರಿಸಿದರೂ ಎರಡಕ್ಕೂ ಅದರದರ ಹಿಡಿತ. ಒಂದು ತೂತಿಗೆ ಒಂದೇ ತಂತಿ. ತಂತಿಯ ಸಿಪ್ಪೆ ಸುಲಿಯಬೇಕಾದದ್ದು 11 ಮಿಲಿಮೀಟರ್. ಕಮ್ಮಿಯಾದರೆ ಸ್ಪ್ರಿಂಗು ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ, ಹೆಚ್ಚಾದರೆ ತಾಮ್ರ ಆಚೆ ಇಣುಕುತ್ತದೆ.

ಇಷ್ಟು ನನಗೆ ಬಾಯಿಪಾಠವಾದದ್ದು ಒಂದು ವರಮಹಾಲಕ್ಷ್ಮಿ ಹಬ್ಬದ ಸಂಜೆ. ಬಲ್ಬು ಬದಲಾಯಿಸಲು ಚಪ್ಪಲಿ ಹಾಕಿಕೊಂಡು, ಮೇನ್ ಆಫ್ ಮಾಡಿ, ಕುಲದೇವರನ್ನು ನೆನೆಯುವ ಜಾತಿಯವನು ನಾನು. ಮಂಟಪಕ್ಕೆ ಸೀರಿಯಲ್ ಲೈಟು ಕಟ್ಟಲು ಬಂದ ಹುಡುಗನಿಗೆ ಎಲ್ಲ ಒಪ್ಪಿಸಿ ಪಂಚೆ ಉಟ್ಟು ನಿಂತಿದ್ದೆ. ಆ ಹುಡುಗ ಸೀರಿಯಲ್ ಸೆಟ್ಟಿನ ಸಪೂರ ತಂತಿಯನ್ನು ಹಲ್ಲಿನಿಂದ ಸುಲಿದು, ಬೋರ್ಡಿನಿಂದ ಎಳೆದ 2.5 ಸ್ಕ್ವೇರಿನ ತಂತಿಗೆ ಸುತ್ತಿ, ಕಪ್ಪು ಟೇಪು ಹೊಡೆದು ಹೋಗಿದ್ದ. ಅರಿಶಿನ ಕುಂಕುಮಕ್ಕೆ ಬಂದ ಹೆಂಡತಿಯ ಹಿಂದೆಯೇ ರಾಯರು ಬಂದರು. ಲಕ್ಷ್ಮಿಗೆ ಕೈ ಮುಗಿದ ಹಾಗೂ ಆಯಿತು, ಟೇಪು ಕಂಡ ಹಾಗೂ ಆಯಿತು.

“ಯಾರು ಮಾಡಿದ್ದು ಇದು?”

ಮರುಗಳಿಗೆಯಲ್ಲಿ ಮೇನ್ ಆಫ್. ಮಂಟಪದ ಎರಡು ದೀಪದ ಬೆಳಕಲ್ಲಿ ಹತ್ತಾರು ರೇಷ್ಮೆ ಸೀರೆಗಳು ಕತ್ತಲಾಗಿ ಕುಳಿತವು. ಫ್ಯಾನ್ ನಿಂತಿತು. ರಾಯರು ಡಬ್ಬಿ ಬಿಚ್ಚಿದರು. ಒಬ್ಬರಿಗೆ ಮೊಬೈಲ್ ಟಾರ್ಚ್ ಹಿಡಿಯಲು ಅಪ್ಪಣೆ, ಇನ್ನೊಬ್ಬರಿಗೆ ಕನ್ನಡಕ ಒರೆಸಿಕೊಡಲು. ಸುಲಿದರು, ಅಳೆದರು, 13 ಬಂತು, 2 ಕತ್ತರಿಸಿದರು. “ನೋಡಿ, ಇದರ ಮೇಲೆ 32 ಆಂಪಿಯರ್ ಅಂತ ಬರೆದಿದೆ. ಹಾಗಂತ ಸಪೂರ ತಂತಿ 32 ಹೊರುತ್ತಾ? ಹೊರಲ್ಲ. ಎಂಸಿಬಿ ಹಾಕೋವಾಗ ಸಪೂರದ್ದನ್ನ ನೋಡಿ ಹಾಕಬೇಕು.” ಕೇಳುತ್ತಿದ್ದವರ ಕೈಯಲ್ಲಿ ಆರುತ್ತಿದ್ದ ಚಕ್ಕುಲಿ, ಕೋಸಂಬರಿ. ಹಣೆಯ ಕುಂಕುಮ ಬೆವರಿಗೆ ಮೂಗಿನತ್ತ ಹೊರಟಿತ್ತು. ನಾನು ಹಲ್ಲು ಕಚ್ಚಿ ನಗುತ್ತ ನಿಂತೆ.

ಆಮೇಲೆ ಬಂತು ಎಳೆತ. ತಂತಿ ಕೂರಿಸಿ ಲಿವರು ಮುಚ್ಚಿದ ಮೇಲೆ ಪ್ರತಿಯೊಂದನ್ನೂ ಹಿಡಿದು ಜಗ್ಗಿ ನೋಡುವುದು ರಾಯರ ಕ್ರಮ. ಜಗ್ಗಿ, ಕಿವಿ ಹತ್ತಿರ ಹಿಡಿದು, ಮತ್ತೆ ಜಗ್ಗುತ್ತಾರೆ. ಮೂಲೆಯಲ್ಲಿದ್ದ ನಮ್ಮ ಸೋದರತ್ತೆ ತಾಳಲಾರದೆ “ಆಯ್ತೇನಪ್ಪಾ?” ಎಂದರು. ರಾಯರು ಒಂದು ಖಾಲಿ ಕನೆಕ್ಟರನ್ನು ಅವರ ಕೈಗಿಟ್ಟು “ನೀವೇ ಎತ್ತಿ ನೋಡಿ ಅಮ್ಮಾ” ಎಂದರು. ಎಂಬತ್ತು ದಾಟಿದ ಅತ್ತೆ ಲಿವರು ಎತ್ತಿದರು, ಟಕ್, ಒತ್ತಿದರು, ಟಕ್. ಮುಖ ಅರಳಿತು. ಆಮೇಲೆ ಎಲ್ಲರಿಗೂ ಒಂದೊಂದು ಬೇಕಾಯಿತು. ಕತ್ತಲಲ್ಲಿ ಟಕಟಕ. ಆ ವರ್ಷದ ತಾಂಬೂಲದಲ್ಲಿ ನಮ್ಮ ಮನೆಯಿಂದ ಹೋದದ್ದು ಬ್ಲೌಸ್ ಪೀಸು, ತೆಂಗಿನಕಾಯಿ, ಒಂದು ಜರ್ಮನ್ ಕನೆಕ್ಟರು.

ಅವರಿಂದ ಆಗುವ ಕಾಟ ಇನ್ನೂ ಉಂಟು. ತಾಮ್ರಕ್ಕೆ ಅಲ್ಯೂಮಿನಿಯಂ ಸೇರಿಸಿದ ಗಂಟು ಕಂಡರೆ ಮನೆಯಲ್ಲಿ ಸಾವಾದವರಂತೆ ಮೌನವಾಗುತ್ತಾರೆ. ಎಲೆಕ್ಟ್ರೀಷಿಯನ್ ಹುಡುಗರು ಅವರನ್ನು ಕಂಡರೆ ಅಡ್ಡರಸ್ತೆ ಹಿಡಿಯುತ್ತಾರೆ. “ಸಾರ್, ಇದೊಂದರ ದುಡ್ಡಲ್ಲಿ ಎರಡು ಮೂರು ಟೇಪು ಬರುತ್ತೆ” ಎಂದವನಿಗೆ ಅರ್ಧ ಗಂಟೆ ಪಾಠವಾಗಿದೆ. ಹಣ ಮಾತ್ರ ಯಾರಿಂದಲೂ ಮುಟ್ಟುವವರಲ್ಲ. ಕಾಫಿಯೂ ಜಗ್ಗಿ ನೋಡಿದ ಮೇಲೆಯೇ.

ಕಳೆದ ಬೇಸಗೆಯಲ್ಲಿ ಅಟ್ಟದ ದೀಪ ಮಿಣುಕುತ್ತಿದೆ ಎಂದು ನನ್ನ ಹೆಂಡತಿ ನನ್ನನ್ನು ಕೇಳದೆ ಅವರನ್ನೇ ಕರೆದಳು. ಅಟ್ಟದಲ್ಲಿ ನಮ್ಮ ತಂದೆಯ ಕಾಲದ ವೈರಿಂಗ್ ಒಂದಿಷ್ಟು ಉಳಿದಿದೆ: ಮರದ ರೀಪಿನ ಮೇಲೆ ತಗಡಿನ ಕ್ಲಿಪ್ಪು, 3/22 ತಂತಿ. ರಾಯರು ಏಣಿ ಹತ್ತಿ ಒಂದು ಗಂಟಿನ ಟೇಪು ಬಿಡಿಸಿದರು. ಪಾಠ ಶುರುವಾಗುತ್ತದೆಂದು ಕಾದೆ. ಇಲ್ಲ.

ಮೂರು ಎಳೆ ಈ ಕಡೆಯಿಂದ, ಮೂರು ಆ ಕಡೆಯಿಂದ, ಒಂದರೊಳಗೊಂದು ಹೊಸೆದು, ಬಿಗಿದು, ಸೀಸ ಹೊಯ್ದ ಮ್ಯಾರೀಡ್ ಜಾಯಿಂಟ್. “ಯಾರು ಮಾಡಿದ್ದು ಇದು?” ಎಂದರು, ಈ ಸಲ ಮೆಲ್ಲಗೆ. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಬರುತ್ತಿದ್ದ ಮೇಸ್ತ್ರಿಯೊಬ್ಬರು, ಈಗಿಲ್ಲ ಎಂದೆ. ರಾಯರು ಅದನ್ನು ಜಗ್ಗಿದರು. ಐಟಿಐನಲ್ಲಿ ಇಂಥ ಗಂಟು ಹಾಕಿಸಿ ಮೇಷ್ಟ್ರು ಕಲ್ಲು ತೂಗುಹಾಕುತ್ತಿದ್ದರಂತೆ. ಬಿಚ್ಚಿಕೊಂಡರೆ ಆ ದಿನ ಊಟಕ್ಕೆ ಬಿಡುತ್ತಿರಲಿಲ್ಲವಂತೆ. ರಾಯರಿಗೆ ತಿಂಗಳುಗಟ್ಟಲೆ ಊಟ ತಪ್ಪಿತ್ತು ಎಂಬುದೂ ಆಗಲೇ ತಿಳಿದದ್ದು.

ದೋಷ ಗಂಟಿನದಲ್ಲ, ತಂತಿಯ ರಬ್ಬರ್ ಪುಡಿಯಾಗಿತ್ತು. ಹೊಸ ತಂತಿ ಎಳೆಯಲೇಬೇಕಾಯಿತು. ಹಳೆಯದನ್ನು ಕಿತ್ತು ಬಿಸಾಡುವ ಮುನ್ನ ರಾಯರು ಆ ಗಂಟನ್ನು ಎರಡೂ ಕಡೆ ಗೇಣುದ್ದ ಬಿಟ್ಟು ಕತ್ತರಿಸಿ, “ಇದು ನನಗಿರಲಿ” ಎಂದು ಡಬ್ಬಿಯ ನಡುವಿನ ಬಟ್ಟಲಲ್ಲಿ ಇಟ್ಟುಕೊಂಡರು. ನನಗೂ ಏನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಅವರು ಏಣಿ ಇಳಿದು, ಕೈ ಒರೆಸಿಕೊಂಡು, ಬಚ್ಚಲಿನ ಕಡೆ ತಿರುಗಿದ್ದರು.

“ನಿಮ್ಮ ಗೀಸರಿಗೆ ಎಷ್ಟು ಸ್ಕ್ವೇರಿನ ತಂತಿ?”

ಒಳಗಿನಿಂದ ನನ್ನ ಹೆಂಡತಿಯ ಕೂಗು: “ರೀ, ಮೊದಲು ಹೋಗಿ ಸ್ನಾನ ಮಾಡ್ಕೊಂಡ್ಬಿಡಿ!”